ಕಸುಬು ಕಲಿಯಲು ಹೊರಡುವ ಮುನ್ನ

ಮುಂಗಾರಿನ ಮೊದಲ ಮಳೆ ಬೀಳುವ ಹೊತ್ತಿಗೆ ನಮ್ಮ ಹಳ್ಳಿಗಳಲ್ಲಿ ಎರಡು ಚಿಂತೆಗಳು ಒಟ್ಟಿಗೇ ಬರುತ್ತವೆ. ಒಂದು, ಹೊಲಕ್ಕೆ ಯಾವ ಬೀಜ ಹಾಕಬೇಕೆಂಬುದು. ಇನ್ನೊಂದು, ಎಸ್.ಎಸ್.ಎಲ್.ಸಿ. ಮುಗಿಸಿ ಮನೆಯಲ್ಲಿ ಕುಳಿತಿರುವ ಮಗನನ್ನೋ ಮಗಳನ್ನೋ ಮುಂದೆ ಯಾವ ದಾರಿಗೆ ಹಚ್ಚಬೇಕೆಂಬುದು. ಬೀಜದ ವಿಚಾರಕ್ಕೆ ರೈತ ಬಾಂಧವರು ನಮ್ಮನ್ನು ಕರೆದು ಕೇಳುತ್ತಾರೆ, ಮೊಳಕೆ ಕಟ್ಟಿ ಪರೀಕ್ಷೆ ಮಾಡುತ್ತಾರೆ, ಚೀಲದ ಮೇಲಿನ ಚೀಟಿ ಓದುತ್ತಾರೆ. ಮಕ್ಕಳ ವಿಚಾರವನ್ನು ಮಾತ್ರ ಬಸ್ ನಿಲ್ದಾಣದಲ್ಲಿ ಸಿಕ್ಕವರ ಮಾತು ಕೇಳಿ ತೀರ್ಮಾನಿಸುವುದುಂಟು. ಬೀಜ ಕೆಟ್ಟರೆ ಒಂದು ಬೆಳೆ ಹೋದೀತು, ಮುಂದಿನ ವರ್ಷ ಸರಿಪಡಿಸಿಕೊಳ್ಳಬಹುದು. ಪ್ರಾಯದ ಮಕ್ಕಳ ಮೂರು ವರ್ಷ ವ್ಯರ್ಥವಾದರೆ ಅದನ್ನು ಯಾವ ಮಳೆಯೂ ತಂದುಕೊಡದು. ಆದುದರಿಂದ ಕೈಗಾರಿಕೆಗಳಲ್ಲಿ ಅಪ್ರೆಂಟಿಸ್ ಆಗಿ ಸೇರುವ ಬಗೆಯನ್ನು ಈ ಲೇಖನದಲ್ಲಿ ಬಿಡಿಸಿ ಹೇಳುತ್ತೇನೆ. ಮನೆಯವರೆಲ್ಲ ಕುಳಿತು ಓದಿರಿ. ಓದು ಬಾರದ ಹಿರಿಯರಿದ್ದರೆ ಅವರಿಗೆ ಓದಿ ಹೇಳಿರಿ.

ಅಪ್ರೆಂಟಿಸ್ ಎಂದರೆ ಯಾರು?

ಹಿಂದೆ ಕಮ್ಮಾರನ ಮಗ ಕುಲುಮೆಯ ಮುಂದೆ ಕುಳಿತು ತಿದಿ ಒತ್ತುತ್ತ ಕಸುಬು ಕಲಿಯುತ್ತಿದ್ದ. ಬಡಗಿಯ ಮಗ ಉಳಿ ಹಿಡಿದು ಕಲಿಯುತ್ತಿದ್ದ. ಕೆಲಸ ಮಾಡುತ್ತಲೇ ಕೆಲಸ ಕಲಿಯುವ ಈ ಪದ್ಧತಿಯನ್ನೇ ಕಾನೂನಿನ ಚೌಕಟ್ಟಿಗೆ ತಂದು, ಯಾವ ಮನೆಯ ಮಕ್ಕಳಿಗಾದರೂ ತೆರೆದಿಟ್ಟಿರುವುದೇ ಅಪ್ರೆಂಟಿಸ್ ತರಬೇತಿ. ಸರ್ಕಾರಿ ಕಾಗದಗಳಲ್ಲಿ ಇವರನ್ನು 'ಶಿಶಿಕ್ಷು' ಎಂದೂ ಬರೆಯುತ್ತಾರೆ. ಇದಕ್ಕಾಗಿ ೧೯೬೧ರಲ್ಲಿ ಅಪ್ರೆಂಟಿಸ್ ಕಾಯಿದೆ ಆಯಿತು. ಆಮೇಲೆ ಅದಕ್ಕೆ ಹಲವು ತಿದ್ದುಪಡಿಗಳಾದವು. ೨೦೧೪ರ ತಿದ್ದುಪಡಿ ಮತ್ತು ೨೦೧೯ರ ನಿಯಮಗಳು ಅವುಗಳಲ್ಲಿ ಮುಖ್ಯವಾದವು.

೨೦೧೯ರ ನಿಯಮದ ಪ್ರಕಾರ ೩೦ ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ೪ರಿಂದ ೨೯ ಜನರಿರುವ ಸಣ್ಣ ಸಂಸ್ಥೆಗಳು ಇಷ್ಟವಿದ್ದರೆ ತೆಗೆದುಕೊಳ್ಳಬಹುದು. ಕಡ್ಡಾಯವಿರುವ ಕಡೆ, ಗುತ್ತಿಗೆಯವರನ್ನೂ ಸೇರಿಸಿ ಇರುವ ಒಟ್ಟು ಕೆಲಸಗಾರರಲ್ಲಿ ನೂರಕ್ಕೆ ಎರಡೂವರೆಯಿಂದ ಹದಿನೈದರಷ್ಟು ಮಂದಿ ಅಪ್ರೆಂಟಿಸ್‌ಗಳಿರಬೇಕು. ಅಂದರೆ ೪೦೦ ಜನರಿರುವ ಕಾರ್ಖಾನೆಯಲ್ಲಿ ೧೦ರಿಂದ ೬೦ ಮಕ್ಕಳಿಗೆ ಕಲಿಯಲು ಸ್ಥಳವುಂಟು.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಕಾನೂನಿನ ಕಣ್ಣಿನಲ್ಲಿ ಅಪ್ರೆಂಟಿಸ್ ಕಲಿಯುವವನೇ ಹೊರತು ಕಾರ್ಮಿಕನಲ್ಲ. ಆದುದರಿಂದ ಅವನಿಗೆ ಸಿಗುವುದು ಸಂಬಳವಲ್ಲ, ಶಿಷ್ಯವೇತನ. ತರಬೇತಿ ಮುಗಿದ ಮೇಲೆ ಅದೇ ಕಾರ್ಖಾನೆ ಕೆಲಸ ಕೊಡಲೇಬೇಕೆಂದು ಕಾಯಿದೆ ಹೇಳುವುದಿಲ್ಲ. ಕೊಟ್ಟರೆ ಇವನು ಒಪ್ಪಲೇಬೇಕೆಂದೂ ಹೇಳುವುದಿಲ್ಲ. "ಸೇರಿದರೆ ಕೆಲಸ ಖಾಯಂ" ಎಂದು ಯಾರಾದರೂ ಭರವಸೆ ಕೊಟ್ಟರೆ ಆ ಮಾತನ್ನು ಅಲ್ಲಿಯೇ ನಿಲ್ಲಿಸಿ, ಬರವಣಿಗೆಯಲ್ಲಿ ಕೇಳಿರಿ.

ಗ್ಯಾರೇಜಿನ ಕಲಿಕೆಗೂ ಇದಕ್ಕೂ ಏನು ವ್ಯತ್ಯಾಸ?

ನಮ್ಮ ಕಡೆ ಶಾಲೆ ಬಿಟ್ಟ ಹುಡುಗನನ್ನು ಪೇಟೆಯ ಗ್ಯಾರೇಜಿಗೆ ಬಿಡುವುದು ವಾಡಿಕೆ. ಕಸುಬಿನ ಮೇಲೆ ಅಭಿಮಾನವುಳ್ಳ ಯಜಮಾನ ಸಿಕ್ಕರೆ ಹುಡುಗ ಚೆನ್ನಾಗಿಯೇ ಕಲಿಯುತ್ತಾನೆ, ಇದನ್ನು ಅಲ್ಲಗಳೆಯಬಾರದು. ಆದರೆ ಐದಾರು ವರ್ಷ ದುಡಿದ ಮೇಲೂ ಅವನ ಕೈಯಲ್ಲಿ ಒಂದು ಚೂರು ಕಾಗದವಿರುವುದಿಲ್ಲ. ಬೇರೆ ಊರಿಗೆ ಹೋಗಿ ಕೆಲಸ ಕೇಳಿದರೆ ಮತ್ತೆ ಪಾನಾ ತೊಳೆಯುವುದರಿಂದಲೇ ಪ್ರಾರಂಭ. ಕೈಗೆ ಪೆಟ್ಟಾದರೆ ಪರಿಹಾರ ಕೇಳಲು ದಾಖಲೆಯೂ ಇರುವುದಿಲ್ಲ.

ಕಾಯಿದೆಯ ಪ್ರಕಾರ ಸೇರಿದವನಿಗೆ ನೋಂದಾಯಿಸಿದ ಒಪ್ಪಂದವಿರುತ್ತದೆ, ಕಲಿಸಬೇಕಾದ ಪಾಠಗಳ ಪಟ್ಟಿಯಿರುತ್ತದೆ, ಕೆಲಸದಲ್ಲಿ ಗಾಯವಾದರೆ ಮಾಲೀಕರು ಪರಿಹಾರ ಕೊಡಬೇಕಾದ ಹೊಣೆಯಿರುತ್ತದೆ, ಕೊನೆಯಲ್ಲಿ ಪರೀಕ್ಷೆ ಮತ್ತು ಪ್ರಮಾಣಪತ್ರವಿರುತ್ತದೆ. ನಾಲ್ವರು ಕೆಲಸಗಾರರಿರುವ ಗ್ಯಾರೇಜಿನ ಯಜಮಾನರೂ ಮನಸ್ಸು ಮಾಡಿದರೆ ಇದೇ ಕಾಯಿದೆಯಡಿ ಹುಡುಗನನ್ನು ನೋಂದಾಯಿಸಿಕೊಳ್ಳಬಹುದು. ಪರಿಚಯದ ಯಜಮಾನರಿದ್ದರೆ ಈ ಮಾತನ್ನು ಅವರ ಕಿವಿಗೆ ಹಾಕಿರಿ. ಗ್ಯಾರೇಜಿನಲ್ಲಿ ಈಗಾಗಲೇ ವರ್ಷಗಟ್ಟಲೆ ಕಲಿತವರು ತಮ್ಮ ಕೈಚಳಕವನ್ನು ಪರೀಕ್ಷೆಗೆ ಒಡ್ಡಿ ಪ್ರಮಾಣಪತ್ರ ಪಡೆಯುವ ಏರ್ಪಾಡೂ ಕೌಶಲ್ಯ ಯೋಜನೆಗಳಲ್ಲಿ ಉಂಟು.

ಇನ್ನೂ ಒಂದು ಎಚ್ಚರಿಕೆ. ೧೪ ವರ್ಷ ತುಂಬದ ಮಗುವನ್ನು ಕಲಿಕೆಯ ಹೆಸರಿನಲ್ಲಿ ಅಂಗಡಿಗೆ, ಗ್ಯಾರೇಜಿಗೆ ದುಡಿಯಲು ಬಿಡುವುದು ಅಪರಾಧ. ಅಪಾಯದ ಕೆಲಸಗಳಿಗೆ ೧೮ ವರ್ಷ ತುಂಬಲೇಬೇಕು. ಅಲ್ಲಿಯವರೆಗೆ ಶಾಲೆಯೇ ಮಗುವಿನ ಕಾರ್ಖಾನೆ.

ಸೇರುವ ದಾರಿಗಳು

ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು, ಐ.ಟಿ.ಐ. ಮುಗಿಸಿ ಸೇರುವುದು. ೧೯೫೦ರಲ್ಲಿ ದೇಶದಲ್ಲಿ ಪ್ರಾರಂಭವಾದ ಕುಶಲಕರ್ಮಿ ತರಬೇತಿ ಯೋಜನೆಯಡಿ ಈ ಸಂಸ್ಥೆಗಳು ನಡೆಯುತ್ತಿವೆ. ಫಿಟ್ಟರ್, ಎಲೆಕ್ಟ್ರಿಷಿಯನ್, ಟರ್ನರ್ ಕಸುಬುಗಳಿಗೆ ಎರಡು ವರ್ಷ. ವೆಲ್ಡರ್, ಡೀಸೆಲ್ ಮೆಕ್ಯಾನಿಕ್ ಕಸುಬುಗಳಿಗೆ ಒಂದು ವರ್ಷ. ಎಂಟನೆಯ ತರಗತಿ ಪಾಸಾದವರಿಗೂ ವೆಲ್ಡರ್ ಮೊದಲಾದ ಕೆಲವು ಕಸುಬುಗಳಲ್ಲಿ ಪ್ರವೇಶವಿದೆ. ಐ.ಟಿ.ಐ. ಆದವರಿಗೆ ಅದೇ ಕಸುಬಿನ ಅಪ್ರೆಂಟಿಸ್ ತರಬೇತಿ ಸಾಮಾನ್ಯವಾಗಿ ಒಂದು ವರ್ಷ. ಹಳ್ಳಿಯ ಮಕ್ಕಳಿಗೆ ಇದೇ ಭದ್ರವಾದ ದಾರಿಯೆಂದು ನನ್ನ ಅಭಿಪ್ರಾಯ. ಹೊಲವನ್ನು ಉತ್ತು ಹದ ಮಾಡಿ ಆಮೇಲೆ ಬಿತ್ತುವಂತೆ, ಸಲಕರಣೆಗಳ ಹೆಸರು, ಅಳತೆ, ನಕ್ಷೆ ಇವನ್ನು ಕಲಿತು ಕಾರ್ಖಾನೆಯ ಬಾಗಿಲಿಗೆ ಹೋದವನಿಗೆ ಮೊದಲ ದಿನದಿಂದಲೇ ಧೈರ್ಯವಿರುತ್ತದೆ.

ಎರಡನೆಯದು, ಶಾಲೆಯಿಂದ ನೇರವಾಗಿ ಸೇರುವುದು. ಇವರಿಗೆ ಮೊದಲು ಕಸುಬಿನ ಪ್ರಾಥಮಿಕ ತರಬೇತಿ ಕೊಟ್ಟು ಆಮೇಲೆ ಯಂತ್ರದ ಮುಂದೆ ನಿಲ್ಲಿಸುತ್ತಾರೆ.

ಮೂರನೆಯದು, ಡಿಪ್ಲೊಮಾ ಅಥವಾ ಪದವಿ ಮುಗಿಸಿದವರ ದಾರಿ. ಇವರಿಗೆ ಒಂದು ವರ್ಷದ ತರಬೇತಿ. ದಕ್ಷಿಣದ ರಾಜ್ಯಗಳಲ್ಲಿ ಇದನ್ನು ನೋಡಿಕೊಳ್ಳುವ ಮಂಡಳಿ ಚೆನ್ನೈಯಲ್ಲಿದೆ.

ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಎಚ್.ಎ.ಎಲ್. ಮತ್ತು ಬಿ.ಇ.ಎಲ್., ಕೋಲಾರ ಚಿನ್ನದ ಗಣಿಯಲ್ಲೂ ಮೈಸೂರಿನಲ್ಲೂ ಘಟಕಗಳುಳ್ಳ ಬಿ.ಇ.ಎಂ.ಎಲ್., ಹುಬ್ಬಳ್ಳಿ ಮತ್ತು ಮೈಸೂರಿನ ರೈಲ್ವೆ ಕಾರ್ಯಾಗಾರಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತ ಬಂದಿವೆ. ರೈಲ್ವೆಯಲ್ಲಿ ಎಸ್.ಎಸ್.ಎಲ್.ಸಿ. ಮತ್ತು ಐ.ಟಿ.ಐ. ಅಂಕಗಳ ಸರಾಸರಿ ನೋಡಿ ಆರಿಸುವ ಪದ್ಧತಿಯಿದೆ. "ಐ.ಟಿ.ಐ. ತಾನೇ, ಪಾಸಾದರೆ ಸಾಕು" ಎನ್ನುವ ತರುಣರು ಇದನ್ನು ನೆನಪಿನಲ್ಲಿಡಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳಿಗೆ ಕಾಯಿದೆಯಲ್ಲಿಯೇ ಸ್ಥಾನಗಳನ್ನು ಮೀಸಲಿಟ್ಟಿದೆ.

ಯಾವ ಕಸುಬು ಆರಿಸಬೇಕು?

ನೆರೆಮನೆಯ ಹುಡುಗ ಎಲೆಕ್ಟ್ರಿಷಿಯನ್ ಆದನೆಂದು ನಮ್ಮವನೂ ಅದೇ ಆಗಬೇಕೆಂದಿಲ್ಲ. ಎರೆ ಭೂಮಿಗೆ ಒಂದು ಬೆಳೆ, ಕೆಂಪು ಭೂಮಿಗೆ ಒಂದು ಬೆಳೆ. ಮಗುವಿನ ಒಲವು ಎತ್ತ ಇದೆ ನೋಡಿರಿ. ಪಂಪ್‌ಸೆಟ್ ಕೆಟ್ಟಾಗ ಯಾರೂ ಹೇಳದೆ ತಾನೇ ಬಿಚ್ಚಿ ನೋಡುವವನಿಗೆ ವಿದ್ಯುತ್ ಕೆಲಸ ಒಪ್ಪೀತು. ಅಳತೆ ತಪ್ಪದೆ ಗೆರೆ ಎಳೆಯುವ ತಾಳ್ಮೆಯಿರುವವಳು ಮೆಷಿನಿಸ್ಟ್ ಕೆಲಸದಲ್ಲಿ ಮುಂದೆ ಬಂದಾಳು. ಕಣ್ಣಿನ ದೋಷ, ಬಣ್ಣ ಗುರುತಿಸುವ ತೊಂದರೆ ಇದ್ದರೆ ಮೊದಲೇ ವೈದ್ಯರಿಗೆ ತೋರಿಸಿರಿ. ಸೇರುವಾಗ ದೇಹದಾರ್ಢ್ಯದ ಪರೀಕ್ಷೆಯಿರುತ್ತದೆ. ಎಲ್ಲ ಮುಗಿದ ಮೇಲೆ ಅಲ್ಲಿ ನಿಂತುಹೋದರೆ ದುಃಖ ಹೆಚ್ಚು.

ತರಬೇತಿಯ ನಂತರ ಊರಿಗೇ ಮರಳುವ ಯೋಚನೆಯಿದ್ದರೆ ಊರಿನ ಅವಶ್ಯಕತೆಯನ್ನೂ ಎಣಿಸಿರಿ. ಕೊಳವೆ ಬಾವಿಯ ಮೋಟಾರು, ಟ್ರ್ಯಾಕ್ಟರ್, ಒಕ್ಕುವ ಯಂತ್ರ, ಸೌರ ಫಲಕ ಇವುಗಳನ್ನು ರಿಪೇರಿ ಮಾಡಲು ಇಂದಿಗೂ ಪೇಟೆಯಿಂದ ಜನ ಬರಬೇಕಾಗಿದೆ. ಸುಗ್ಗಿಯ ಕಾಲದಲ್ಲಿ ಅವರಿಗಾಗಿ ಎರಡು ದಿನ ಕಾದು ಬೆಳೆ ಕೆಡಿಸಿಕೊಂಡವರಿಗೆ ಇದರ ಬೆಲೆ ಗೊತ್ತು. ಟ್ರ್ಯಾಕ್ಟರ್ ಮೆಕ್ಯಾನಿಕ್, ಕೃಷಿ ಯಂತ್ರಗಳ ಮೆಕ್ಯಾನಿಕ್ ಎಂಬ ಕಸುಬುಗಳೇ ಐ.ಟಿ.ಐ. ಪಟ್ಟಿಯಲ್ಲಿವೆ.

ಕಾರ್ಖಾನೆಯ ಒಲವಿಲ್ಲದೆ ಸ್ವಂತ ಉದ್ಯೋಗ ಮಾಡಬಯಸುವವರಿಗೆ ಬೇರೆ ದಾರಿಯೂ ಉಂಟು. ೧೯೮೨ರಲ್ಲಿ ದಕ್ಷಿಣ ಕನ್ನಡದ ಉಜಿರೆಯಲ್ಲಿ ಪ್ರಾರಂಭವಾದ ರುಡ್‌ಸೆಟ್ ಸಂಸ್ಥೆ ಊಟ ವಸತಿಯೊಡನೆ ಉಚಿತವಾಗಿ ಅಲ್ಪಾವಧಿ ತರಬೇತಿ ಕೊಡುತ್ತದೆ. ಅದೇ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳನ್ನು ನಡೆಸುತ್ತಿವೆ.

ಕಾಗದಪತ್ರ ಮೊದಲು, ಪ್ರಯಾಣ ಆಮೇಲೆ

ಅರ್ಜಿಯನ್ನು ಸರ್ಕಾರದ 'ಅಪ್ರೆಂಟಿಸ್‌ಶಿಪ್ ಇಂಡಿಯಾ' ಜಾಲತಾಣದಲ್ಲಿ ಹಾಕಬೇಕು. ಮನೆಯಲ್ಲಿ ಅನುಕೂಲವಿಲ್ಲದಿದ್ದರೆ ತಾಲ್ಲೂಕಿನ ಸರ್ಕಾರಿ ಐ.ಟಿ.ಐ.ಗೆ ಹೋಗಿ ಕೇಳಿರಿ. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲೂ ವಿಚಾರಿಸಬಹುದು. ಹೆಸರು ನೋಂದಾಯಿಸಲು ಸರ್ಕಾರಕ್ಕೆ ಹಣ ಕಟ್ಟಬೇಕಾಗಿಲ್ಲ.

ಹೊರಡುವ ಮುನ್ನ ಇವನ್ನು ಒಂದು ಚೀಲದಲ್ಲಿ ಜೋಡಿಸಿಡಿರಿ:

೧. ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಐ.ಟಿ.ಐ. ಆಗಿದ್ದರೆ ಅದರ ಪ್ರಮಾಣಪತ್ರ.
೨. ಆಧಾರ್ ಚೀಟಿ ಮತ್ತು ಅದಕ್ಕೆ ಜೋಡಿಸಿದ ದೂರವಾಣಿ ಸಂಖ್ಯೆ.
೩. ಮಗುವಿನ ಹೆಸರಿನಲ್ಲಿಯೇ ಇರುವ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಯ ಪುಸ್ತಕ.
೪. ಜಾತಿ ಪ್ರಮಾಣಪತ್ರ. ಇದನ್ನು ನಾಡಕಚೇರಿಯಲ್ಲಿ ಮುಂಚಿತವಾಗಿ ಪಡೆಯಿರಿ.
೫. ಭಾವಚಿತ್ರಗಳು ಮತ್ತು ಎಲ್ಲ ಕಾಗದಗಳ ಎರಡೆರಡು ಪ್ರತಿಗಳು.

ಇವುಗಳಲ್ಲಿ ಹಳ್ಳಿಯ ಮಕ್ಕಳು ಎಡವುವುದು ಹೆಸರಿನಲ್ಲಿ. ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಮೊದಲ ಅಕ್ಷರ, ಆಧಾರಿನಲ್ಲಿ ಪೂರ್ತಿ ಹೆಸರು, ಬ್ಯಾಂಕಿನಲ್ಲಿ ಮನೆತನದ ಹೆಸರು ಹೀಗೆ ಮೂರು ಕಡೆ ಮೂರು ಬಗೆಯಾಗಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ; ಹೋದರೂ ಹಣ ಬರುವಾಗ ತಡೆಯುತ್ತದೆ. ೨೦೧೬ರಲ್ಲಿ ಬಂದ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಂತೆ ಶಿಷ್ಯವೇತನದ ಕಾಲು ಭಾಗವನ್ನು, ತಿಂಗಳಿಗೆ ೧,೫೦೦ ರೂಪಾಯಿ ಮೀರದಂತೆ, ಕೇಂದ್ರ ಸರ್ಕಾರ ಭರಿಸುತ್ತ ಬಂದಿದೆ. ೨೦೨೩ರಿಂದ ಈ ಪಾಲನ್ನು ನೇರವಾಗಿ ಅಪ್ರೆಂಟಿಸ್‌ನ ಖಾತೆಗೇ ಹಾಕುವ ಕ್ರಮ ಬಂದಿತು. ಆದುದರಿಂದ ಅಂಕಪಟ್ಟಿಯಲ್ಲಿರುವ ಹೆಸರಿಗೆ ಉಳಿದೆರಡನ್ನೂ ಈಗಲೇ ಹೊಂದಿಸಿರಿ. ಈ ಕೆಲಸಕ್ಕೆ ವಾರಗಳು ಹಿಡಿಯುತ್ತವೆ.

ಮೂಲ ಅಂಕಪಟ್ಟಿಯನ್ನು ತೋರಿಸಿರಿ, ಪ್ರತಿಯನ್ನು ಕೊಡಿರಿ, ಮೂಲವನ್ನು ಮನೆಗೆ ತನ್ನಿರಿ. ಸೀಟು ಕೊಡಿಸುತ್ತೇನೆಂದು ಮುಂಗಡ ಕೇಳುವವನು ಬೇಲಿ ಹಾರಿ ಬಂದ ದನವಿದ್ದಂತೆ; ಮೇಯುವ ಮೊದಲೇ ಅಟ್ಟಬೇಕು.

ಒಪ್ಪಂದವನ್ನು ಓದಿ ಸಹಿ ಮಾಡಿರಿ

ಕೆಲವು ಕಡೆ 'ಟ್ರೈನಿ' ಎಂಬ ಹೆಸರಿಟ್ಟು, ಕಲಿಸುವುದೇನೂ ಇಲ್ಲದೆ, ಗುತ್ತಿಗೆಯ ಆಳಿನಂತೆ ದುಡಿಸಿಕೊಳ್ಳುವುದುಂಟು. ಹೆಸರು ಕೇಳಿ ಮೋಸಹೋಗಬಾರದು. ಸೇರುವ ದಿನ ಈ ಪ್ರಶ್ನೆಗಳನ್ನು ವಿನಯದಿಂದ, ಆದರೆ ಬಿಡದೆ ಕೇಳಿರಿ:

ಇದು ಅಪ್ರೆಂಟಿಸ್ ಕಾಯಿದೆಯಡಿ ನೋಂದಾಯಿತವಾಗುವ ಒಪ್ಪಂದವೇ? ಅದರ ಸಂಖ್ಯೆ ಏನು?
ಯಾವ ಕಸುಬು? ಎಷ್ಟು ತಿಂಗಳು? ಯಾರು ಕಲಿಸುವವರು?
ಕೊನೆಯಲ್ಲಿ ಯಾವ ಪರೀಕ್ಷೆ? ಯಾರು ಕೊಡುವ ಪ್ರಮಾಣಪತ್ರ?

ಮೂರಕ್ಕೂ ನೇರವಾದ ಉತ್ತರ ಬಂದರೆ ಸಹಿ ಮಾಡಿರಿ. ೧೮ ತುಂಬದ ಮಗುವಿನ ಪರವಾಗಿ ತಂದೆಯೋ ಪೋಷಕರೋ ಸಹಿ ಹಾಕಬೇಕು. ಹೆಬ್ಬೆಟ್ಟು ಒತ್ತುವವರಾದರೆ ಮೊದಲು ಓದಿಸಿ ಕೇಳಿರಿ. ಒಪ್ಪಂದದ ಒಂದು ಪ್ರತಿ ನಿಮ್ಮ ಮನೆಯಲ್ಲಿರಬೇಕು.

ಒಪ್ಪಂದ ಎರಡು ಕಡೆಯವರನ್ನೂ ಕಟ್ಟಿಹಾಕುತ್ತದೆಂಬುದನ್ನು ಮರೆಯಬೇಡಿ. ಅಪ್ರೆಂಟಿಸ್‌ಗೆ ಇಷ್ಟು ತುಂಡಿಗೆ ಇಷ್ಟು ಹಣವೆಂದು ಲೆಕ್ಕ ಹಾಕಿ ಕೊಡುವಂತಿಲ್ಲ. ಅಪ್ರೆಂಟಿಸ್ ಸಲಹೆಗಾರರ ಒಪ್ಪಿಗೆಯಿಲ್ಲದೆ ಹೆಚ್ಚಿನ ಹೊತ್ತು ದುಡಿಸುವಂತಿಲ್ಲ. ಆ ಸಂಸ್ಥೆಯಲ್ಲಿ ನಡೆಯುವ ರಜೆಗಳು ಇವರಿಗೂ ಸಲ್ಲುತ್ತವೆ. ಹಾಗೆಯೇ, ಕಾರಣವಿಲ್ಲದೆ ಮಧ್ಯದಲ್ಲಿ ಬಿಟ್ಟು ಬಂದರೆ ತರಬೇತಿಯ ಖರ್ಚನ್ನು ಹಿಂದಿರುಗಿಸಬೇಕಾದೀತು. ಊರಹಬ್ಬಕ್ಕೆಂದು ಬಂದವನು ಹದಿನೈದು ದಿನ ಉಳಿದುಬಿಡುವ ಪದ್ಧತಿ ಅಲ್ಲಿ ನಡೆಯದು. ತಕರಾರು ಬಂದರೆ ಅಪ್ರೆಂಟಿಸ್ ಸಲಹೆಗಾರರಿಗೆ ಬರೆದುಕೊಳ್ಳಬಹುದು. ಅದರ ತೀರ್ಮಾನ ಮಾಡುವ ಅಧಿಕಾರ ಅವರಿಗಿದೆ.

ಹಣದ ಲೆಕ್ಕ

೨೦೧೯ರ ನಿಯಮದಲ್ಲಿ ತಿಂಗಳಿಗೆ ಕನಿಷ್ಠ ಶಿಷ್ಯವೇತನವನ್ನು ಹೀಗೆ ಗೊತ್ತುಮಾಡಲಾಯಿತು: ಐದರಿಂದ ಒಂಬತ್ತನೆಯ ತರಗತಿ ಓದಿದವರಿಗೆ ೫,೦೦೦ ರೂ., ಹತ್ತನೆಯ ತರಗತಿಯವರಿಗೆ ೬,೦೦೦ ರೂ., ಹನ್ನೆರಡನೆಯ ತರಗತಿ ಮತ್ತು ಐ.ಟಿ.ಐ. ಆದವರಿಗೆ ೭,೦೦೦ ರೂ., ಡಿಪ್ಲೊಮಾದವರಿಗೆ ೮,೦೦೦ ರೂ., ಪದವೀಧರರಿಗೆ ೯,೦೦೦ ರೂ. ಇದು ಕನಿಷ್ಠ ದರ. ಹೆಚ್ಚು ಕೊಡುವ ಸಂಸ್ಥೆಗಳೂ ಉಂಟು. ದರಗಳನ್ನು ಸರ್ಕಾರ ಕಾಲಕಾಲಕ್ಕೆ ಏರಿಸುವುದರಿಂದ ಸಹಿ ಮಾಡುವ ದಿನದ ದರ ಎಷ್ಟೆಂದು ಕೇಳಿಕೊಳ್ಳಿರಿ.

ಒಂದು ಲೆಕ್ಕ ನೋಡೋಣ. ೭,೦೦೦ ರೂ. ಬರುವ ಹುಡುಗ ಮೂವರೊಡನೆ ಕೋಣೆ ಹಿಡಿದು ತನ್ನ ಪಾಲಿಗೆ ೨,೦೦೦ ರೂ. ಬಾಡಿಗೆ ಕೊಡುತ್ತಾನೆನ್ನಿ. ಊಟಕ್ಕೆ ೩,೦೦೦, ಬಸ್ಸು, ಸಾಬೂನು, ದೂರವಾಣಿಗೆಂದು ೧,೨೦೦. ಉಳಿಯುವುದು ೮೦೦ ರೂ. ಮಾತ್ರ. ಆದುದರಿಂದ ತರಬೇತಿಯ ಅವಧಿಯಲ್ಲಿ ಮಗ ಮನೆಗೆ ಹಣ ಕಳಿಸಬೇಕೆಂದು ತಂದೆ ತಾಯಿಗಳು ಒತ್ತಾಯಿಸಬಾರದು. ಇದು ಬಿತ್ತನೆಯ ಕಾಲ, ಸುಗ್ಗಿಯ ಕಾಲವಲ್ಲ.

ಇನ್ನೊಂದು ಸಂಗತಿ ಬಹಳ ಮುಖ್ಯ. ಒಂದು ತಿಂಗಳ ಶಿಷ್ಯವೇತನ ಮುಂದಿನ ತಿಂಗಳ ಹತ್ತನೆಯ ತಾರೀಕಿನೊಳಗೆ ಬರುತ್ತದೆ. ಅಂದರೆ ಮೊದಲ ನಲವತ್ತು ದಿನ ಕೈಯಿಂದಲೇ ಖರ್ಚು. ಜೊತೆಗೆ ಕೋಣೆಯ ಮುಂಗಡ. ಮೊದಲ ತಿಂಗಳಲ್ಲೇ ಕೈ ಖಾಲಿಯಾಗಿ ಮರಳಿ ಬರುವ ಮಕ್ಕಳಿಗೆ ಕಸುಬು ಕಠಿಣವಾದುದಲ್ಲ, ಈ ನಲವತ್ತು ದಿನ ಕಠಿಣವಾದದ್ದು. ಈ ಹಣವನ್ನು ಬೇಸಿಗೆಯಲ್ಲಿಯೇ ಎತ್ತಿಡಿರಿ. ಮೀಟರ್ ಬಡ್ಡಿಗೆ ತರಬೇಡಿ. ಸ್ವಸಹಾಯ ಸಂಘದಲ್ಲಿ ಕೇಳಿರಿ.

ಹೆಣ್ಣುಮಕ್ಕಳ ತಂದೆ ತಾಯಿಗಳು ಮೊದಲು ತಾಲ್ಲೂಕು ಅಥವಾ ಜಿಲ್ಲಾ ಕೇಂದ್ರದಲ್ಲಿ ಅವಕಾಶ ಹುಡುಕಬಹುದು. ೨೦೨೩ರ ಜೂನ್‌ನಿಂದ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾದುದರಿಂದ ಮನೆಯಿಂದಲೇ ಹೋಗಿಬರುವುದು ಎಷ್ಟೋ ಸುಲಭವಾಗಿದೆ. ಎಲೆಕ್ಟ್ರಾನಿಕ್ಸ್, ಮೆಷಿನಿಸ್ಟ್, ಫಿಟ್ಟರ್ ಯಾವುದೂ ಹೆಣ್ಣುಮಕ್ಕಳಿಗೆ ಮುಚ್ಚಿದ ಬಾಗಿಲಲ್ಲ.

ಮೊದಲ ಮೂರು ತಿಂಗಳು

ಸೇರಿದ ಹೊಸದರಲ್ಲಿ ಮಕ್ಕಳಿಗೆ ಬೇಸರ ಬರುವುದು ಸಹಜ. ಫಿಟ್ಟರ್ ಆಗಲು ಹೋದವನ ಕೈಗೆ ಅರ ಕೊಟ್ಟು, ಒಂದು ಕಬ್ಬಿಣದ ತುಂಡನ್ನು ಸಮವಾಗಿ ಉಜ್ಜು ಎನ್ನುತ್ತಾರೆ. ದಿನವಿಡೀ ಉಜ್ಜಿದರೂ ಮಟ್ಟಗೋಲು ಇಟ್ಟು ನೋಡಿದಾಗ ಬೆಳಕು ತೂರಿಬರುತ್ತದೆ. "ಇದಕ್ಕಾಗಿ ಬಂದೆನೇ?" ಎನಿಸುತ್ತದೆ. ಆದರೆ ಕೈಗೆ ಸಮತೋಲ ಬರುವುದು ಹೀಗೆಯೇ. ನಾಟಿ ಮಾಡುವ ಹೆಂಗಸರ ಕೈ ಸಾಲು ತಪ್ಪದಿರುವುದು ಒಂದೇ ದಿನದಲ್ಲಿ ಬಂದದ್ದೇ?

ಯಂತ್ರ ಒರೆಸು, ನೆಲ ಗುಡಿಸು ಎಂದರೆ ಮಾಡಿರಿ. ತಾನು ಕೆಲಸ ಮಾಡುವ ಜಾಗವನ್ನು ಶುದ್ಧವಾಗಿಡುವುದು ಕಸುಬಿನ ಒಂದು ಭಾಗ. ಆದರೆ ಮೂರು ತಿಂಗಳು ಕಳೆದರೂ ಗುಡಿಸುವುದೊಂದೇ ಕೆಲಸವಾದರೆ, ಒಪ್ಪಂದದ ಪಾಠಪಟ್ಟಿ ತೋರಿಸಿ ಮೇಲ್ವಿಚಾರಕರನ್ನು ಕೇಳುವ ಹಕ್ಕು ನಿಮಗಿದೆ.

ಪ್ರತಿದಿನ ಮಾಡಿದ ಕೆಲಸವನ್ನು ದಿನಚರಿ ಪುಸ್ತಕದಲ್ಲಿ ಬರೆಯಿರಿ: ಯಾವ ಸಲಕರಣೆ, ಯಾವ ಅಳತೆ, ಎಲ್ಲಿ ತಪ್ಪಾಯಿತು, ಯಾರು ತಿದ್ದಿದರು. ಪರೀಕ್ಷೆಗೆ ಇದೇ ಪಠ್ಯ, ತಕರಾರು ಬಂದರೆ ಇದೇ ಸಾಕ್ಷಿ. ಸಲಕರಣೆಗಳ ಹೆಸರನ್ನು ಕಾರ್ಖಾನೆಯಲ್ಲಿ ಕರೆಯುವ ಇಂಗ್ಲಿಷಿನಲ್ಲಿಯೇ ಕನ್ನಡ ಅಕ್ಷರಗಳಲ್ಲಿ ಬರೆದುಕೊಳ್ಳಿರಿ; ಒಂದು ತಿಂಗಳಲ್ಲಿ ನಾಲಗೆಗೆ ಒಗ್ಗುತ್ತದೆ. ತಿಳಿಯದಿದ್ದರೆ ಕೇಳಿರಿ. ಕೇಳಲು ನಾಚಿ ಗುಂಡಿ ಒತ್ತಿದವನಿಂದ ಯಂತ್ರವೂ ಕೆಟ್ಟೀತು, ಬೆರಳೂ ಹೋದೀತು.

ಸಡಿಲ ಅಂಗಿ, ಕೊರಳ ದಾರ, ಕೈಬಳೆ, ಬಿಚ್ಚುಜಡೆ ಇವು ತಿರುಗುವ ಯಂತ್ರದ ಬಳಿ ಸಲ್ಲದು. ಕನ್ನಡಕ, ಬೂಟು ಕೊಟ್ಟಿದ್ದರೆ ಹಾಕಿಕೊಳ್ಳಿರಿ, ಕೊಡದಿದ್ದರೆ ಕೇಳಿರಿ. ಒದ್ದೆಗೈಯಲ್ಲಿ ಮೋಟಾರಿನ ಸ್ವಿಚ್ ಮುಟ್ಟುವ ಊರಿನ ಅಭ್ಯಾಸವನ್ನು ಊರಿನಲ್ಲಿಯೇ ಬಿಟ್ಟು ಹೋಗಿರಿ. ಮರಳಿ ಬಂದಾಗ ಊರಿನವರಿಗೂ ಬಿಡಿಸಿರಿ.

ಮುಗಿದ ಮೇಲೆ

ಗೊತ್ತುಪಡಿಸಿದ ಕಸುಬುಗಳಲ್ಲಿ ಅವಧಿ ಮುಗಿದ ಮೇಲೆ ಅಖಿಲ ಭಾರತ ಮಟ್ಟದ ಕಸುಬು ಪರೀಕ್ಷೆ ನಡೆಯುತ್ತದೆ. ಪಾಸಾದವರಿಗೆ ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ ದೊರೆಯುತ್ತದೆ. ತರಬೇತಿ ಮುಗಿಯಿತೆಂದು ಪರೀಕ್ಷೆಗೆ ಕೂರದೆ ಊರಿಗೆ ಬರುವವರುಂಟು. ಬೆಳೆದ ಪೈರನ್ನು ಕೊಯ್ಯದೆ ಬಿಟ್ಟಂತಾಯಿತು. ರೈಲ್ವೆಯು ತನ್ನಲ್ಲಿ ತರಬೇತಿ ಮುಗಿಸಿ ಈ ಪ್ರಮಾಣಪತ್ರ ಪಡೆದವರಿಗೆ ಕೆಳಹಂತದ ಹುದ್ದೆಗಳ ನೇಮಕದಲ್ಲಿ ನೂರಕ್ಕೆ ಇಪ್ಪತ್ತು ಸ್ಥಾನಗಳನ್ನು ಇಟ್ಟ ಉದಾಹರಣೆಯಿದೆ. ಬೇರೆ ಕಡೆ ಕೆಲಸ ಹುಡುಕುವಾಗಲೂ, ಸ್ವಂತ ಕಾರ್ಯಾಗಾರ ತೆರೆಯಲು ಬ್ಯಾಂಕಿನ ಸಾಲ ಕೇಳುವಾಗಲೂ ಈ ಕಾಗದ ಮಾತನಾಡುತ್ತದೆ.

ತಂದೆ ತಾಯಿಗಳಿಗೆ ಕಡೆಯ ಮಾತು

ಮಗ ಹೊರಟರೆ ಬಿತ್ತನೆಗೆ ಒಂದು ಕೈ ಕಡಿಮೆಯಾಗುತ್ತದೆಂಬ ನಿಮ್ಮ ಕಷ್ಟ ನಮಗೆ ತಿಳಿಯದ್ದಲ್ಲ. ಆದರೆ ಎರಡು ಎಕರೆ ಒಣಭೂಮಿಯನ್ನು ಮೂವರು ಮಕ್ಕಳಿಗೆ ಹಂಚಿದರೆ ಯಾರ ಹೊಟ್ಟೆಯೂ ತುಂಬದು. ಒಬ್ಬ ಕಸುಬು ಕಲಿತರೆ ಭೂಮಿಯ ಮೇಲಿನ ಭಾರವೂ ಇಳಿಯುತ್ತದೆ, ಮಳೆ ಹೋದ ವರ್ಷ ಮನೆಗೆ ಒಂದು ಆಸರೆಯೂ ಆಗುತ್ತದೆ. ಬೇಸಾಯ ಬಿಡಿಸಲು ನಾನು ಇದನ್ನು ಬರೆಯುತ್ತಿಲ್ಲ. ಬೇಸಾಯವನ್ನೇ ಓದಿ ಅದೇ ಕೆಲಸಕ್ಕೆ ಬಂದವನು ನಾನು. ಬೇಸಾಯ ಉಳಿಯಬೇಕಾದರೂ ಊರಿನಲ್ಲಿ ಕಸುಬು ಬಲ್ಲವರು ಬೇಕು.

ಈ ವಾರ ಒಂದು ಕೆಲಸ ಮಾಡಿರಿ. ಅಂಕಪಟ್ಟಿ, ಆಧಾರ್, ಬ್ಯಾಂಕ್ ಪುಸ್ತಕ ಮೂರನ್ನೂ ಒಂದೇ ಕಡೆ ಹರಡಿ, ಹೆಸರು ಮತ್ತು ಹುಟ್ಟಿದ ತಾರೀಕು ಒಂದೇ ಇದೆಯೇ ನೋಡಿರಿ. ಬೇರೆಯಾಗಿದ್ದರೆ ನಾಳೆಯೇ ತಿದ್ದಿಸಲು ಹೊರಡಿರಿ. ಮುಂದಿನ ವಾರ ಮಗನನ್ನೋ ಮಗಳನ್ನೋ ಕರೆದುಕೊಂಡು ತಾಲ್ಲೂಕಿನ ಐ.ಟಿ.ಐ.ಗೆ ಹೋಗಿ, ಅಲ್ಲಿನ ಯಂತ್ರಗಳನ್ನು ಮಗುವಿಗೆ ಕಣ್ಣಾರೆ ತೋರಿಸಿರಿ. ಯಾವ ಯಂತ್ರದ ಮುಂದೆ ಮಗು ಹೆಚ್ಚು ಹೊತ್ತು ನಿಲ್ಲುತ್ತದೆಂಬುದನ್ನು ಗಮನಿಸಿರಿ. ಮುಂದಿನ ಮಾತನ್ನು ಅಲ್ಲಿಂದ ಪ್ರಾರಂಭಿಸಬಹುದು.